ಕಚೇರಿ ಫೋನಿಗೆ ಹೊಸ ಕಾರ್ಡು: ಹಾಕುವ ಮೊದಲು, ಹಾಕುವಾಗ, ಹಾಕಿದ ಮೇಲೆ



ಸಂಘಕ್ಕೆ ಫೋನು ಮಾಡಿದರೆ ಯಾವಾಗಲೂ ಎಂಗೇಜ್ ಬರುತ್ತದೆ ಎಂಬ ದೂರು ಸದಸ್ಯರಿಂದ ಬರುತ್ತಲೇ ಇದೆ. ಇದು ಸಣ್ಣ ದೂರಲ್ಲ. ಆಟಿ ತಿಂಗಳಲ್ಲಿ ಮಳೆ ಎರಡು ದಿನ ಹೊಳವಾಗಿ ಎರಡನೇ ಮದ್ದು ಬಿಡಲು ಅವಕಾಶ ಸಿಕ್ಕಿದಾಗ, ಮೈಲುತುತ್ತು ಇದೆಯೇ, ಸುಣ್ಣ ಬಂದಿದೆಯೇ ಎಂದು ಕೇಳಲು ಒಬ್ಬ ಕೃಷಿಕರು ಸಿಗ್ನಲ್ ಸಿಗುವ ಗುಡ್ಡದವರೆಗೆ ಹೋಗಿ ಕರೆ ಮಾಡುತ್ತಾರೆ. ಎಂಗೇಜ್ ಸದ್ದು ಕೇಳಿ ಹಿಂದೆ ಬರುತ್ತಾರೆ. ಅಷ್ಟರಲ್ಲಿ ಮಳೆ ಮತ್ತೆ ಹಿಡಿದರೆ ಕೊಳೆರೋಗ ಯಾರಿಗೂ ಕಾಯುವುದಿಲ್ಲ. ಅಡಿಕೆ ಮಾರುವ ದಿನಗಳಲ್ಲಿ ಧಾರಣೆ ಕೇಳುವವರ ಕಥೆಯೂ ಇದೇ.

ಕಚೇರಿಯ ಫೋನಿನ ಪೆಟ್ಟಿಗೆಗೆ, ಅಂದರೆ ಇಪಿಎಬಿಎಕ್ಸ್‌ಗೆ, ಹೆಚ್ಚುವರಿ ಕಾರ್ಡು ಹಾಕಿಸಬೇಕೆಂಬ ಪ್ರಸ್ತಾಪ ಈಗ ಆಡಳಿತ ಮಂಡಳಿಯ ಮುಂದಿದೆ. ಖರ್ಚಾಗುವುದು ಸದಸ್ಯರ ಹಣ. ಆದ್ದರಿಂದ ಈ ಕಾರ್ಡು ಎಂದರೇನು, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ, ಅದನ್ನು ಹೇಗೆ ಕೂರಿಸಬೇಕು ಎಂಬುದನ್ನು ಇಲ್ಲಿ ವಿವರಿಸಲು ಇಚ್ಛಿಸುತ್ತೇವೆ. ಹಾಲಿನ ಸೊಸೈಟಿ, ಶಾಲೆ, ನರ್ಸರಿಗಳ ಹೊಣೆ ಹೊತ್ತಿರುವ ಸದಸ್ಯರಿಗೂ ಇದು ಉಪಯೋಗಕ್ಕೆ ಬಂದೀತು.

ಪೆಟ್ಟಿಗೆಯೊಳಗೆ ಏನಿದೆ?

ಗೋಡೆಗೆ ತೂಗುಹಾಕಿದ ಆ ಪೆಟ್ಟಿಗೆಗೆ ಎರಡು ಬಗೆಯ ತಂತಿಗಳು ಬರುತ್ತವೆ. ಒಂದು ಬಗೆ ಹೊರಗಿನ ಲೈನು. ಟ್ರಂಕ್ ಎನ್ನುವುದು ಇದನ್ನೇ. ಇನ್ನೊಂದು ಬಗೆ ಒಳಗಿನ ಫೋನುಗಳಿಗೆ ಹೋಗುವುದು. ಇದಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತಾರೆ. ತಂತಿಗಳನ್ನು ನೋಡಿದರೆ ಎರಡೂ ಒಂದೇ ತರಹ. ಕೆಲಸ ಮಾತ್ರ ಪೂರ್ತಿ ತಿರುವುಮುರುವು.

ನಾವು ಒಳಗಿನ ಫೋನಿನ ರಿಸೀವರ್ ಎತ್ತಿದಾಗ ತಂತಿಯಲ್ಲಿ 20ರಿಂದ 40 ಮಿಲಿ ಆಂಪಿಯರಿನಷ್ಟು ವಿದ್ಯುತ್ ಹರಿಯುತ್ತದೆ. ಅದನ್ನು ಗುರುತಿಸಿ ಪೆಟ್ಟಿಗೆಯು ಡಯಲ್ ಟೋನ್ ಕೊಡುತ್ತದೆ. ಆ ಫೋನಿಗೆ ಗಂಟೆ ಬಾರಿಸುವುದೂ ಪೆಟ್ಟಿಗೆಯೇ. ಹೊರಗಿನ ಲೈನಿನಲ್ಲಿ ಹಾಗಲ್ಲ. ಅಲ್ಲಿ ವಿದ್ಯುತ್ತು, ಡಯಲ್ ಟೋನ್, ಗಂಟೆ ಎಲ್ಲವೂ ದೂರದ ಎಕ್ಸ್‌ಚೇಂಜಿನಿಂದ ಬರುತ್ತವೆ. ಎಕ್ಸ್‌ಚೇಂಜಿನ ಕಣ್ಣಿಗೆ ನಮ್ಮ ಇಡೀ ಪೆಟ್ಟಿಗೆ ಒಂದು ಸಾಮಾನ್ಯ ಫೋನಿದ್ದಂತೆ. ಆದ್ದರಿಂದ ಒಳಗಿನ ಫೋನಿಗಿರುವ ಜಾಗಕ್ಕೆ ಹೊರಗಿನ ಲೈನು ಸಿಕ್ಕಿಸಿದರೆ ಕೆಲಸವೂ ಆಗದು, ಕಾರ್ಡೂ ಕೆಡಬಹುದು.

ಹೆಚ್ಚುವರಿ ಕಾರ್ಡು ಎಂದರೆ ಇಂತಹ ಹೊಸ ಜಾಗಗಳನ್ನು ಹೊತ್ತ ಒಂದು ಹಲಗೆ. ಕೆಲವು ಕಾರ್ಡುಗಳಲ್ಲಿ ಹೊರಗಿನ ಲೈನು ಮಾತ್ರ, ಕೆಲವುಗಳಲ್ಲಿ ಒಳಗಿನ ಫೋನು ಮಾತ್ರ, ಇನ್ನು ಕೆಲವುಗಳಲ್ಲಿ ಎರಡೂ ಇರುತ್ತವೆ. ಸಣ್ಣ ಕಚೇರಿಗಳಲ್ಲಿ ಬಹಳವಾಗಿ ಕಾಣಸಿಗುವ ಪ್ಯಾನಸಾನಿಕ್ ಕೆಎಕ್ಸ್-ಟಿಇಎಸ್ 824 ಮಾದರಿಯನ್ನೇ ನೋಡಿರಿ. ಮೂಲ ಪೆಟ್ಟಿಗೆಗೆ 3 ಹೊರಗಿನ ಲೈನು, 8 ಒಳಗಿನ ಫೋನು. ಒಂದು ಕಾರ್ಡಿನಿಂದ ಇನ್ನೂ 3 ಲೈನು ಮತ್ತು 8 ಫೋನು ಸೇರುತ್ತವೆ. ಬೇರೆ ಕಾರ್ಡುಗಳಿಂದ 2 ಲೈನು, 8 ಫೋನು. ಎಲ್ಲ ಹಾಕಿದರೆ 8 ಲೈನು, 24 ಫೋನಿಗೆ ಮುಗಿಯಿತು. ಇದಲ್ಲದೆ ಕರೆ ಮಾಡಿದವರ ನಂಬರು ತೋರಿಸುವ ಕಾರ್ಡು, ಬಾಗಿಲಿನ ಫೋನಿನ ಕಾರ್ಡು, ಧ್ವನಿ ಸಂದೇಶ ಹೇಳುವ ಕಾರ್ಡು ಮುಂತಾದ ಐಚ್ಛಿಕ ಸಾಮಗ್ರಿಗಳೂ ಇವೆ.

ಕಿತ್ತೂರಿನಲ್ಲಿ ಆದದ್ದು

ಬೇಕಾದಂತೆ ಕಾರ್ಡು ಸೇರಿಸಿ ಬೆಳೆಸುವ ಈ ಪದ್ಧತಿಗೂ ಕರ್ನಾಟಕಕ್ಕೂ ಒಂದು ನಂಟಿದೆ. 1984ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಸಿ-ಡಾಟ್ ಸಂಸ್ಥೆಯನ್ನು ಸ್ಥಾಪಿಸಿತು. ಅವರು ಹಳ್ಳಿಗಳಿಗಾಗಿ ತಯಾರಿಸಿದ 128 ಪೋರ್ಟುಗಳ ಚಿಕ್ಕ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ತೊಡಗಿದ್ದು 1986ರ ಜುಲೈಯಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೌಕಟ್ಟಿನಲ್ಲಿ ಕಾರ್ಡುಗಳನ್ನು ಕೂರಿಸುವ ಆ ಯಂತ್ರಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ. ನಮ್ಮ ದೇಶದ ಸೆಕೆ, ಧೂಳು, ಕರೆಂಟಿನ ಏರಿಳಿತಗಳನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ರೂಪಿಸಿದ್ದರು. ಅದೇ ಬಗೆಯ ಯಂತ್ರ ಕಚೇರಿಗಳ ಒಳಗಿನ ಫೋನಿಗಾಗಿಯೂ ಬಂತು.

ಇದರಲ್ಲಿ ನಮಗೊಂದು ಪಾಠವಿದೆ. ಹಳ್ಳಿಯಲ್ಲಿ ಯಂತ್ರ ಬಾಳುವುದು ಊರಿನ ಹವೆ, ಕರೆಂಟು, ನೆಲ ಇವನ್ನು ನೋಡಿ ಕೂರಿಸಿದಾಗ. ಕಾರ್ಡು ಕೊಳ್ಳುವುದು ಕೆಲಸದ ಅರ್ಧ ಭಾಗ ಮಾತ್ರ.

ಯಾವುದು ಸಾಲದೆಂದು ಮೊದಲು ಅಳೆಯಬೇಕು

ಎಂಗೇಜ್ ದೂರು ಬಂದ ಕೂಡಲೇ ಸಾಮಾನ್ಯವಾಗಿ ಬರುವ ಸಲಹೆ, ಕಚೇರಿಯಲ್ಲಿ ಇನ್ನೂ ನಾಲ್ಕು ಫೋನು ಇಡಿ ಎಂಬುದು. ಪಂಪು ಮತ್ತು ಮೈನ್ ಪೈಪು ಇದ್ದ ಹಾಗೆಯೇ ಇಟ್ಟು ತೋಟಕ್ಕೆ ಹೊಸ ಸ್ಪ್ರಿಂಕ್ಲರ್ ಸೇರಿಸಿದರೆ ಏನಾಗುತ್ತದೆಂದು ಕೃಷಿಕರಿಗೆ ಹೇಳಬೇಕಾಗಿಲ್ಲ. ಇಲ್ಲಿಯೂ ಅಷ್ಟೇ. ಹೊರಗಿನಿಂದ ಕರೆ ಮಾಡುವ ಸದಸ್ಯರಿಗೆ ಬೇಕಾದದ್ದು ಬಿಡುವಾಗಿರುವ ಹೊರಗಿನ ಲೈನು. ಒಳಗೆ ಫೋನು ಹೆಚ್ಚಿದಷ್ಟೂ ಒಳಗಿನವರು ಹೊರಗೆ ಕರೆ ಮಾಡುವುದು ಹೆಚ್ಚಿ, ಇದ್ದ ಲೈನೂ ತುಂಬುತ್ತದೆ.

ಎಷ್ಟು ಲೈನು ಬೇಕೆಂದು ಲೆಕ್ಕ ಹಾಕಲು ಹಳೆಯ ಸೂತ್ರವೊಂದಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪೆನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞರು ಅದನ್ನು 1917ರಲ್ಲಿ ಪ್ರಕಟಿಸಿದರು. ಇಂದಿಗೂ ಟೆಲಿಫೋನ್ ಇಂಜಿನಿಯರುಗಳು ಅದನ್ನೇ ಬಳಸುತ್ತಾರೆ. ಉದಾಹರಣೆಗೆ, ಅತಿ ಗಡಿಬಿಡಿಯ ಒಂದು ಗಂಟೆಯಲ್ಲಿ ಬರುವ ಮತ್ತು ಹೋಗುವ ಕರೆಗಳು ಒಟ್ಟು 20, ಪ್ರತಿ ಕರೆ ಸರಾಸರಿ 3 ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು 60 ನಿಮಿಷದ ಮಾತು ಆಯಿತು. ಒಂದು ಗಂಟೆಯ ಮಾತಿಗೆ ಒಂದೇ ಲೈನು ಸಾಕಲ್ಲವೇ ಎಂದು ತೋರಬಹುದು. ಆದರೆ ಕರೆಗಳು ಸಾಲಾಗಿ ಒಂದರ ಹಿಂದೆ ಒಂದು ಬರುವುದಿಲ್ಲ. ಸೂತ್ರದ ಪ್ರಕಾರ ಫಲ ಹೀಗಿದೆ:

1 ಲೈನು ಇದ್ದರೆ 100ರಲ್ಲಿ 50 ಕರೆಗಳಿಗೆ ಎಂಗೇಜ್.
2 ಲೈನು ಇದ್ದರೆ 100ರಲ್ಲಿ 20.
3 ಲೈನು ಇದ್ದರೆ 100ರಲ್ಲಿ ಸುಮಾರು 6.
4 ಲೈನು ಇದ್ದರೆ 100ರಲ್ಲಿ ಒಂದೂವರೆ.

ಎಂಗೇಜ್ ಬಂದವರು ಮತ್ತೆ ಮತ್ತೆ ಡಯಲ್ ಮಾಡುವುದರಿಂದ ನಿಜವಾದ ಪರಿಸ್ಥಿತಿ ಇದಕ್ಕಿಂತ ಸ್ವಲ್ಪ ಕೆಟ್ಟದಾಗಿಯೇ ಇರುತ್ತದೆ. ಆದರೂ ದಾರಿ ಸ್ಪಷ್ಟವಿದೆ. ಎರಡರಿಂದ ಮೂರನೆಯ ಲೈನಿಗೆ ಹೋದಾಗ ಸಿಗುವ ಲಾಭ ಬಹಳ ದೊಡ್ಡದು. ನಾಲ್ಕರ ಮೇಲೆ ಖರ್ಚಿನಷ್ಟು ಲಾಭ ಇಲ್ಲ.

ನಮ್ಮ ಕಚೇರಿಯ ಪೆಟ್ಟಿಗೆ ಮೇಲೆ ಹೇಳಿದ 3 ಮತ್ತು 8ರ ಅಳತೆಯದು. ಒಳಗಿನ ಎಂಟೂ ಜಾಗ ತುಂಬಿವೆ. ಹೊರಗಿನ ಮೂರರಲ್ಲಿ ಲೈನು ಬಂದಿರುವುದು ಎರಡಕ್ಕೆ, ಮೂರನೆಯದು ಖಾಲಿ. ಅಂದರೆ ಸದಸ್ಯರ ದೂರಿನ ಬಹುಪಾಲು ಪರಿಹಾರಕ್ಕೆ ಕಾರ್ಡೇ ಬೇಡ, ಇನ್ನೊಂದು ಲೈನು ಸಾಕು. ಗೊಬ್ಬರದ ಡಿಪೋ, ಕಾಫಿ ಒಣಗಿಸುವ ಅಂಗಳ, ಹೊಸ ಗೋದಾಮು ಇವುಗಳಿಗೆ ಒಳಗಿನ ಫೋನು ಬೇಕೆಂದಾದಾಗ, ಮತ್ತು ನಾಲ್ಕನೆಯ ಲೈನು ಬೇಕೆಂದಾದಾಗ, ಕಾರ್ಡಿನ ಮಾತು ಬರುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸುವುದು ಅಗತ್ಯ.

ಇನ್ನೊಂದು ವಿಷಯ. ಎಂಗೇಜ್ ಬರುವುದು ಬೇರೆ, ಗಂಟೆಯಾದರೂ ಯಾರೂ ಎತ್ತದಿರುವುದು ಬೇರೆ. ಗುಮಾಸ್ತರು ತೂಕದ ಕೋಣೆಯಲ್ಲಿದ್ದಾಗ ಮೇಜಿನ ಫೋನು ಸುಮ್ಮನೆ ಹೊಡೆದುಕೊಳ್ಳುತ್ತದೆ. ಇದಕ್ಕೂ ಕಾರ್ಡು ಬೇಡ. ಕರೆ ಬಂದಾಗ ಮೂರು ಫೋನುಗಳಿಗೆ ಒಟ್ಟಿಗೆ ಗಂಟೆ ಆಗುವಂತೆ ಪ್ರೋಗ್ರಾಂ ಮಾಡಿದರೆ ಸಾಕು.

ಲೈನು ಈಗ ಹೇಗೆ ಬರುತ್ತದೆ

ಹಿಂದೆ ಎಕ್ಸ್‌ಚೇಂಜಿನಿಂದ ತಾಮ್ರದ ಜೋಡಿ ತಂತಿ ಬರುತ್ತಿತ್ತು. ಅಲ್ಲಿಯ ಬ್ಯಾಟರಿಯ 48 ವೋಲ್ಟ್ ನಮ್ಮಲ್ಲಿಗೂ ಬರುತ್ತಿದ್ದುದರಿಂದ ಊರಿಗೆಲ್ಲ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಇಂದು ಆ ಲೈನುಗಳು ಫೈಬರಿಗೆ ಬದಲಾಗುತ್ತಿವೆ. ಫೈಬರು ಗಾಜಿನ ಎಳೆ. ಅದರಲ್ಲಿ ವಿದ್ಯುತ್ತು ಬರುವುದಿಲ್ಲ. ಕಚೇರಿಯಲ್ಲಿಡುವ ಫೈಬರು ಮೋಡೆಮ್ಮಿನಲ್ಲಿರುವ ಫೋನಿನ ತೂತಿನಿಂದ ನಮ್ಮ ಪೆಟ್ಟಿಗೆಯ ಟ್ರಂಕಿಗೆ ತಂತಿ ಕೊಡುತ್ತೇವೆ. ಮೋಡೆಮ್ಮಿಗೆ ಕರೆಂಟು ಇಲ್ಲದಿದ್ದರೆ ಲೈನೂ ಇಲ್ಲ.

ಆದ್ದರಿಂದ ಬ್ಯಾಟರಿಯ ಲೆಕ್ಕ ಹಾಕುವಾಗ ಪೆಟ್ಟಿಗೆ ಮತ್ತು ಮೋಡೆಮ್ ಎರಡನ್ನೂ ಸೇರಿಸಬೇಕು. ಎರಡರ ಹೊರೆ ಒಟ್ಟು 40 ವ್ಯಾಟ್ ಎಂದಿಟ್ಟುಕೊಂಡರೆ, ಕಂಪ್ಯೂಟರಿನ ಸಣ್ಣ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇದೆ; ನಷ್ಟ ಕಳೆದು ಅರ್ಧ ಸಿಕ್ಕಿತೆಂದರೂ ಒಂದು ಗಂಟೆಯ ಮಾತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಒಂದು ಗಂಟೆಯಲ್ಲಿ ಬರುವ ಊರು ನಮ್ಮದಲ್ಲ. ಇನ್‌ವರ್ಟರಿನ 100 ಎಎಚ್ ಬ್ಯಾಟರಿಯಾದರೆ ಇದೇ ಲೆಕ್ಕದಲ್ಲಿ 15 ಗಂಟೆ ಸಿಗುತ್ತದೆ. ಹೊಸ ಕಾರ್ಡು ಸೇರಿಸಿದಾಗ ಹೊರೆ ಹೆಚ್ಚುತ್ತದೆಂಬುದನ್ನೂ ಮರೆಯಬಾರದು.

ಫೈಬರಿನ ಮೋಡೆಮ್ಮಿನೊಂದಿಗೆ ಇನ್ನೊಂದು ತೊಡಕು ಕಾಣುವುದುಂಟು. ಮಾತು ಮುಗಿದು ಆ ಕಡೆಯವರು ಫೋನಿಟ್ಟರೂ ಪೆಟ್ಟಿಗೆಗೆ ಅದು ತಿಳಿಯದೆ ಲೈನು ಹಿಡಿದುಕೊಂಡೇ ಇರುತ್ತದೆ. ಆಗ ಹೊರಗಿನವರಿಗೆ ಎಂಗೇಜ್ ತಪ್ಪುವುದಿಲ್ಲ. ಕರೆ ಮುಗಿದುದನ್ನು ಟೋನಿನಿಂದ ಗುರುತಿಸುವ ಸೆಟ್ಟಿಂಗನ್ನು ಸರಿಪಡಿಸಿಕೊಡುವಂತೆ ಕೆಲಸಗಾರರಿಗೆ ಮೊದಲೇ ಹೇಳಿಡಬೇಕು.

ಕಾರ್ಡು ಆರಿಸುವಾಗ

ಕಾರ್ಡು ಅದೇ ಕಂಪೆನಿಯದು ಎಂದರೆ ಸಾಲದು, ಅದೇ ಮಾದರಿಗೆ ಒಪ್ಪುವಂಥದು ಆಗಬೇಕು. ಯಾವ ಕಾರ್ಡು ಯಾವ ಗೂಡಿಗೆ ಎಂಬುದೂ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವು ಕಾರ್ಡುಗಳು ಸಾಮಾನ್ಯ ಫೋನಿಗೆ ಮಾತ್ರ. ಗುಂಡಿ, ದೀಪ, ಪರದೆ ಇರುವ ಕಂಪೆನಿಯ ವಿಶೇಷ ಫೋನು ಅದರಲ್ಲಿ ನಡೆಯುವುದಿಲ್ಲ. ಹಳೆಯ ಮಾದರಿಗಳ ಕಾರ್ಡುಗಳು ಹೊಸದಾಗಿ ಸಿಗುವುದು ಕಡಿಮೆಯಾಗುತ್ತಿದೆ. ಬಳಸಿದ ಕಾರ್ಡಾದರೆ ನಮ್ಮ ಪೆಟ್ಟಿಗೆಯಲ್ಲೇ ಕೂರಿಸಿ, ಎಲ್ಲ ಜಾಗಗಳನ್ನೂ ಪರೀಕ್ಷಿಸಿ ತೋರಿಸಿದ ಮೇಲೆ ಹಣ ಕೊಡುವ ಕರಾರು ಮಾಡಿಕೊಳ್ಳಬೇಕು. ಕಾರ್ಡಿನ ಬೆಲೆ ಹೊಸ ಪೆಟ್ಟಿಗೆಯ ಬೆಲೆಯ ಹತ್ತಿರಕ್ಕೆ ಹೋದರೆ ಹೊಸದರ ದರಪಟ್ಟಿಯನ್ನೂ ತರಿಸಿ ತೂಗಿ ನೋಡುವುದು ಜಾಣತನ.

ಧ್ವನಿ ಸಂದೇಶದ ಕಾರ್ಡಿನ ಬಗ್ಗೆ ಒಂದು ಮಾತು. "ಗೋದಾಮಿಗೆ ಇಂಥ ಅಂಕಿ ಒತ್ತಿ, ಧಾರಣೆಗೆ ಇಂಥ ಅಂಕಿ ಒತ್ತಿ" ಎಂದು ಅದು ಹೇಳುತ್ತದೆ. ಮೊಬೈಲಿನಿಂದ ಕರೆ ಮಾಡುವವರಿಗೆ ತೊಂದರೆಯಿಲ್ಲ. ಆದರೆ ಬೆರಳಿನಿಂದ ತಿರುಗಿಸುವ ಹಳೆಯ ಫೋನಿನಿಂದ ಅಂಕಿಯ ಟೋನ್ ಹೋಗುವುದಿಲ್ಲ. ಏನನ್ನೂ ಒತ್ತದಿದ್ದರೆ ಕೆಲವು ಸೆಕೆಂಡುಗಳಲ್ಲಿ ಕರೆ ತಾನಾಗಿ ಗುಮಾಸ್ತರಿಗೆ ಹೋಗುವಂತೆ ಇಡಬೇಕು. ಸಂದೇಶ ಚಿಕ್ಕದಾಗಿರಲಿ, ಕನ್ನಡದ ಜೊತೆಗೆ ತುಳುವಿನಲ್ಲಿಯೂ ಇರಲಿ. ಹಿರಿಯ ಸದಸ್ಯರು ಯಂತ್ರದ ದನಿ ಕೇಳಿ ಫೋನಿಟ್ಟುಬಿಟ್ಟರೆ ಕಾರ್ಡು ಹಾಕಿಯೂ ವ್ಯರ್ಥ.

ನೆಲ, ತಂತಿ ಮತ್ತು ಸಿಡಿಲು

ನಮ್ಮ ಊರಿನಲ್ಲಿ ಕಾರ್ಡುಗಳ ದೊಡ್ಡ ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮತ್ತು ಮಳೆಗಾಲ ಮುಗಿಯುವ ಅಕ್ಟೋಬರ್, ನವೆಂಬರಿನಲ್ಲಿ ಇದರ ಕಾಟ ಹೆಚ್ಚು. ಸಿಡಿಲು ಕಟ್ಟಡಕ್ಕೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಡಿದರೂ ಉದ್ದದ ತಂತಿಯಲ್ಲಿ ಹೆಚ್ಚಿನ ವೋಲ್ಟೇಜು ಹುಟ್ಟಿ ಕಾರ್ಡಿಗೆ ನುಗ್ಗುತ್ತದೆ. ಕಚೇರಿಯಿಂದ ಗೋದಾಮಿಗೆ ಅಡಿಕೆ ಮರದಿಂದ ಮರಕ್ಕೆ ಕಟ್ಟಿ ಎಳೆದ ವಯರು ಇದಕ್ಕೆ ನೇರ ದಾರಿ. ಹೊಸ ಕಾರ್ಡಿನಿಂದ ಹೊರಗಿನ ಕಟ್ಟಡಗಳಿಗೆ ಫೋನು ಕೊಡುವುದಾದರೆ ಕೇಬಲನ್ನು ಪೈಪಿನೊಳಗೆ ಹಾಕಿ ನೆಲದಡಿಯಲ್ಲಿ ಒಯ್ಯಬೇಕು. ಒದ್ದೆ ಹೀರದ ಜೆಲ್ಲಿ ತುಂಬಿದ ಕೇಬಲು ಒಳ್ಳೆಯದು. ನೆಲದಡಿಯಲ್ಲಿದ್ದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಆದ್ದರಿಂದ ತಂತಿಯ ಎರಡೂ ತುದಿಯಲ್ಲಿ ಸಿಡಿಲು ತಡೆಯುವ ಗ್ಯಾಸ್ ಟ್ಯೂಬಿನ ರಕ್ಷಣೆ ಇರಬೇಕು.

ದೂರದ ಬಗ್ಗೆ ಹೆಚ್ಚಿನ ಚಿಂತೆ ಬೇಡ. 0.5 ಮಿಲಿಮೀಟರ್ ತಾಮ್ರದ ಜೋಡಿ ತಂತಿಗೆ ಹೋಗಿ ಬರುವ ದಾರಿ ಸೇರಿ ಕಿಲೋಮೀಟರಿಗೆ ಸುಮಾರು 176 ಓಮ್ ಪ್ರತಿರೋಧ. ನಮ್ಮ ಅಂಗಳದ ದೂರಗಳಿಗೆ ಅದು ಲೆಕ್ಕಕ್ಕಿಲ್ಲ. ತೊಂದರೆ ಕೊಡುವುದು ಟೇಪು ಸುತ್ತಿದ ಜಾಯಿಂಟುಗಳು. ಒದ್ದೆಯಾಗಿ ಹಸಿರು ಕಿಲುಬು ಹಿಡಿದ ಜಾಯಿಂಟಿನಿಂದ ಕರಕರ ಸದ್ದು ಶುರುವಾಗುತ್ತದೆ.

ಗ್ಯಾಸ್ ಟ್ಯೂಬು ಹಿಡಿದ ವಿದ್ಯುತ್ತು ಹೋಗಬೇಕಾದದ್ದು ನೆಲಕ್ಕೆ. ಅರ್ತಿಂಗ್ ಚೆನ್ನಾಗಿಲ್ಲದಿದ್ದರೆ ರಕ್ಷಣೆ ಹೆಸರಿಗೆ ಮಾತ್ರ. ಇಂತಹ ಯಂತ್ರಗಳಿಗೆ ಅರ್ತಿನ ಪ್ರತಿರೋಧ 5 ಓಮ್‌ಗಿಂತ ಕಡಿಮೆ ಇರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆಯಾಗಿದ್ದು ಅಳತೆ ಚೆನ್ನಾಗಿಯೇ ತೋರಿಸುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಪ್ರತಿರೋಧ ಏರುತ್ತದೆ. ಮೊದಲ ಸಿಡಿಲು ಬರುವುದು ಆ ಒಣ ನೆಲಕ್ಕೇ. ಹಾಗಾಗಿ ಅರ್ತಿನ ಗುಂಡಿಯನ್ನು ಮಾರ್ಚಿನಲ್ಲಿ ಅಳೆಸಬೇಕು, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯಬೇಕು. ಗುಡುಗು ಹತ್ತಿರವಿದ್ದಾಗ ವಯರಿರುವ ಫೋನಿನಲ್ಲಿ ಮಾತಾಡುವುದು ಜೀವಕ್ಕೇ ಅಪಾಯ ಎಂಬುದನ್ನು ಸಿಬ್ಬಂದಿಗೆ ತಿಳಿಸಿರಬೇಕು.

ಕೂರಿಸುವ ಕ್ರಮ

ಕೆಲಸ ತಿಳಿದವರಿಂದಲೇ ಮಾಡಿಸಬೇಕು. ಆದರೂ ನಮ್ಮವರೊಬ್ಬರು ಪಕ್ಕದಲ್ಲಿ ನಿಂತು ಈ ಕ್ರಮ ನಡೆಯುವುದನ್ನು ನೋಡಬೇಕು.

1. ಈಗಿನ ಪ್ರೋಗ್ರಾಂ ಏನೆಂದು ಕಂಪ್ಯೂಟರಿಗೆ ಇಳಿಸಿಡಬೇಕು. ಆಗದಿದ್ದರೆ ಪುಸ್ತಕದಲ್ಲಿ ಬರೆದಿಡಬೇಕು. ಯಾವ ತಂತಿ ಯಾವ ಕೋಣೆಗೆ ಎಂದು ಚೀಟಿ ಅಂಟಿಸಬೇಕು.

2. ಪೆಟ್ಟಿಗೆಯ ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತು, ಬ್ಯಾಟರಿ ಜೋಡಿಸಿದ್ದರೆ ಅದನ್ನೂ ಬೇರ್ಪಡಿಸಬೇಕು. ಉರಿಯುತ್ತಿರುವ ಪೆಟ್ಟಿಗೆಗೆ ಕಾರ್ಡು ತುರುಕಿದರೆ ಎರಡೂ ಹೋಗಬಹುದು.

3. ಹೊರಗಿನ ಲೈನುಗಳನ್ನೂ ಬಿಡಿಸಬೇಕು. ನಮ್ಮ ಕರೆಂಟು ಆರಿಸಿದರೂ ಗಂಟೆಯ ವಿದ್ಯುತ್ತು ಆ ಕಡೆಯಿಂದ ಬರುತ್ತದೆ. ಅದು ಸುಮಾರು 75 ವೋಲ್ಟ್, ಕೈಗೆ ಚುರುಕು ಮುಟ್ಟಿಸುತ್ತದೆ. ಅರ್ತಿನ ತಂತಿಯನ್ನು ಮಾತ್ರ ಬಿಡಿಸಬಾರದು.

4. ಒಂದೆರಡು ನಿಮಿಷ ಬಿಟ್ಟು ಮುಚ್ಚಳ ತೆಗೆಯಬೇಕು. ಇರುವೆ, ಹಲ್ಲಿ ಗೂಡು ಕಟ್ಟಿದ್ದರೆ ಒಣ ಬ್ರಷ್ಷಿನಿಂದ ತೆಗೆಯಬೇಕು.

5. ಕಾರ್ಡು ಮುಟ್ಟುವ ಮೊದಲು ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯಲು ಅರ್ತಾದ ಲೋಹವನ್ನು ಮುಟ್ಟಬೇಕು. ಮಣಿಕಟ್ಟಿನ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ನಮಗೆ ತಿಳಿಯದಷ್ಟು ಸಣ್ಣ ಕಿಡಿಯಿಂದಲೂ ಚಿಪ್ಪು ಸಾಯುತ್ತದೆ. ಕಾರ್ಡನ್ನು ಅಂಚಿನಲ್ಲಿ ಹಿಡಿಯಬೇಕು.

6. ಸರಿಯಾದ ಗೂಡಿಗೆ ನೇರವಾಗಿ, ಎರಡೂ ಬದಿ ಸಮವಾಗಿ ಒತ್ತಬೇಕು. ಬಲ ಹಾಕಬೇಕಾಗಿ ಬಂದರೆ ಎಲ್ಲೋ ತಪ್ಪಿದೆ ಎಂದು ಅರ್ಥ, ತೆಗೆದು ನೋಡಬೇಕು. ಸ್ಕ್ರೂಗಳೆಲ್ಲವನ್ನೂ ಹಾಕಬೇಕು.

7. ಹೊಸ ತಂತಿಗಳು ನೇರವಾಗಿ ಕಾರ್ಡಿಗೆ ಬರಬಾರದು. ಗೋಡೆಯ ಮೇಲಿನ ಕ್ರೋನ್ ಪೆಟ್ಟಿಗೆಗೆ ಬಂದು, ಅಲ್ಲಿಂದ ಕಾರ್ಡಿಗೆ ಹೋಗಬೇಕು. ಕೇಬಲಿನ ಬಣ್ಣದ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮೊದಲ ಐದು ಜೋಡಿಗಳಿಗೆ ಜೊತೆ ಬಿಳಿ, ಮುಂದಿನ ಐದಕ್ಕೆ ಕೆಂಪು. ಈ ಕ್ರಮ ತಪ್ಪದಿದ್ದರೆ ಮುಂದೆ ಬರುವ ಯಾವ ಕೆಲಸಗಾರರಿಗೂ ಅರ್ಥವಾಗುತ್ತದೆ.

8. ಮುಚ್ಚಳ ಹಾಕಿ ಕರೆಂಟು ಕೊಟ್ಟು, ಮೊದಲು ಹಳೆಯ ಫೋನುಗಳು ಸರಿಯಿವೆಯೇ ಎಂದು ನೋಡಿ, ಅನಂತರ ಹೊಸದನ್ನು ಪರೀಕ್ಷಿಸಬೇಕು.

ಪರೀಕ್ಷೆ ಮತ್ತು ಬೀಗ

ಪ್ರತಿ ಹೊಸ ಫೋನಿನಿಂದ ಒಳಗೆ ಒಂದು, ಹೊರಗೆ ಒಂದು ಕರೆ ಮಾಡಬೇಕು. ಹೊರಗಿನಿಂದ ಒಂದು ಕರೆ ತರಿಸಿಕೊಳ್ಳಬೇಕು. ಎಲ್ಲ ಲೈನುಗಳಲ್ಲಿ ಒಟ್ಟಿಗೆ ಮಾತಾಡಿ ನೋಡಬೇಕು. ಕೊನೆಗೆ ಮೈನ್ ಸ್ವಿಚ್ಚನ್ನೇ ಆರಿಸಿ ಬ್ಯಾಟರಿಯಲ್ಲಿ ಎಷ್ಟು ಹೊತ್ತು ನಡೆಯುತ್ತದೆಂದು ಗಡಿಯಾರ ಹಿಡಿದು ನೋಡಬೇಕು. ಪೆಟ್ಟಿಗೆ ಸತ್ತರೂ ಒಂದು ಲೈನು ಒಂದು ನಿರ್ದಿಷ್ಟ ಫೋನಿಗೆ ನೇರವಾಗಿ ಸಿಗುವ ವ್ಯವಸ್ಥೆ ಹಲವು ಮಾದರಿಗಳಲ್ಲಿದೆ. ಆ ಫೋನು ಯಾವುದೆಂದು ಸಿಬ್ಬಂದಿಗೆಲ್ಲ ಗೊತ್ತಿರಬೇಕು.

ಕಾರ್ಖಾನೆಯಿಂದ ಬಂದ ಪ್ರೋಗ್ರಾಂ ಪಾಸ್‌ವರ್ಡನ್ನು ಅಂದೇ ಬದಲಿಸಿ, ಮುಚ್ಚಿದ ಲಕೋಟೆಯಲ್ಲಿ ಸಂಘದ ಕಪಾಟಿನಲ್ಲಿಡಬೇಕು. ಹೊರಗಿನಿಂದ ಕರೆ ಮಾಡಿ ನಮ್ಮ ಲೈನಿನಿಂದ ಇನ್ನೊಂದೆಡೆಗೆ ಕರೆ ಮಾಡುವ ಸೌಲಭ್ಯ ಕೆಲವು ಪೆಟ್ಟಿಗೆಗಳಲ್ಲಿದೆ. ಅದು ತೆರೆದಿದ್ದರೆ ಯಾರೋ ಪರದೇಶಕ್ಕೆ ಮಾತಾಡಿ ಬಿಲ್ಲು ನಮಗೆ ಬರಬಹುದು. ಅದನ್ನು ಮುಚ್ಚಿಸಿ, ಪರದೇಶದ ಕರೆಯನ್ನು ಎಲ್ಲ ಫೋನುಗಳಿಂದಲೂ ತಡೆಯಬೇಕು.

ನಮ್ಮ ಅಭಿಪ್ರಾಯ

ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಇಷ್ಟೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ಸಿಬ್ಬಂದಿಯ ಮೊಬೈಲು ಅವರವರದು. ಅವರು ರಜೆಯಲ್ಲಿದ್ದರೆ ಸಂಘವೇ ರಜೆಯಲ್ಲಿದ್ದಂತೆ. ಸಂಘದ ನಂಬರು ಸದಸ್ಯರ ಮನೆಯ ಗೋಡೆಯಲ್ಲಿ ಬರೆದಿಟ್ಟ ನಂಬರು. ಅದಕ್ಕೆ ಕರೆ ಮಾಡಿದರೆ ಉತ್ತರ ಸಿಗಬೇಕು.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನಾವು ಇಡುವ ಸಲಹೆ ಇಷ್ಟು. ಮೊದಲು ಖಾಲಿಯಿರುವ ಮೂರನೆಯ ಜಾಗಕ್ಕೆ ಲೈನು ಪಡೆಯುವುದು, ಮತ್ತು ಮೂರು ಫೋನುಗಳಿಗೆ ಒಟ್ಟಿಗೆ ಗಂಟೆಯಾಗುವಂತೆ ಮಾಡುವುದು. ಎರಡನೆಯದಾಗಿ ಅರ್ತಿಂಗ್, ಸಿಡಿಲು ರಕ್ಷಣೆ ಮತ್ತು ಬ್ಯಾಟರಿ ಸರಿಪಡಿಸುವುದು. ಅದಾದ ಮೇಲೆ ಒಂದು ಹಂಗಾಮಿನ ಕರೆಗಳನ್ನು ಎಣಿಸಿ, ಡಿಪೋ ಮತ್ತು ಗೋದಾಮಿನ ಅಗತ್ಯ ನೋಡಿ, ಮೂರು ದರಪಟ್ಟಿ ತರಿಸಿ ಕಾರ್ಡು ಹಾಕಿಸುವುದು. ಕ್ರಮ ತಿರುವುಮುರುವಾದರೆ ಹೊಸ ಕಾರ್ಡು ಮೊದಲ ಸಿಡಿಲಿಗೇ ಸುಟ್ಟು, ಸದಸ್ಯರಿಗೆ ಎಂಗೇಜೂ ತಪ್ಪದೆ, ಹಣವೂ ಹೋದೀತು.

ಸದಸ್ಯರಲ್ಲಿ ಒಂದು ವಿನಂತಿ. ಎಂಗೇಜ್ ಬಂದರೆ ಅಥವಾ ಗಂಟೆಯಾಗಿಯೂ ಯಾರೂ ಎತ್ತದಿದ್ದರೆ, ದಿನ ಮತ್ತು ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು, ಎರಡರಲ್ಲಿ ಯಾವುದು ಆಯಿತೆಂದು ನಮೂದಿಸಿ, ಕಚೇರಿಗೆ ಬಂದಾಗ ಕೊಡಿ. ಎಷ್ಟು ಲೈನು ಬೇಕೆಂದು ಗೊತ್ತು ಮಾಡಲು ಆ ಚೀಟಿಗಳಿಗಿಂತ ಒಳ್ಳೆಯ ಆಧಾರ ನಮಗೆ ಸಿಗಲಾರದು.

– ಕಾರ್ಯದರ್ಶಿ